ಗ್ಯಾರೇಜಿನಲ್ಲಿ ಸೇರಿದ 32 ಜನ

ಮಕ್ಕಳೇ, ಭಜನೆಗೆ ಊರವರು ಸೇರ್ತಾರೆ, ಆಟಕ್ಕೆ ನೀವೆಲ್ಲ ಮೈದಾನದಲ್ಲಿ ಸೇರ್ತೀರಿ. ಆದರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಯಾಕೆ ಒಂದೆಡೆ ಸೇರಬೇಕು? ಅವರದ್ದು ಒಬ್ಬೊಬ್ಬರೇ ಪರದೆ ನೋಡುತ್ತಾ ಮಾಡುವ ಕೆಲಸ ಅಲ್ವಾ? ಹಾಗಲ್ಲ. ಇಂದು ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರಲ್ಲಿ ಅಂಥದ್ದೊಂದು ಕೂಟದ ಪಾಲೂ ಇದೆ. ಆ ಕತೆ ಕೇಳಿ.

1975ರಲ್ಲಿ ಕಂಪ್ಯೂಟರ್ ಅಂದ್ರೆ ದೊಡ್ಡ ಕಂಪನಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಇರುವ ಯಂತ್ರ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ 'ಆಲ್ಟೇರ್ 8800' ಎಂಬ ಪೆಟ್ಟಿಗೆಯ ಚಿತ್ರ ಬಂತು. ಬಿಡಿಭಾಗಗಳನ್ನು ತರಿಸಿ ನಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಾದ ಕಂಪ್ಯೂಟರ್ ಅದು. ಕೀಲಿಮಣೆ ಇಲ್ಲ, ಪರದೆ ಇಲ್ಲ. ಮುಂಭಾಗದಲ್ಲಿ ಸ್ವಿಚ್‌ಗಳ ಸಾಲು, ಅದರ ಮೇಲೆ ಪುಟ್ಟ ಕೆಂಪು ದೀಪಗಳು, ಅಷ್ಟೇ. ಮೆಮೊರಿ 256 ಬೈಟ್. ಇಂದು ಕಂಪ್ಯೂಟರಿನಲ್ಲಿ 'ಕ' ಎಂಬ ಒಂದು ಅಕ್ಷರ ಉಳಿಸಲು ಸಾಮಾನ್ಯವಾಗಿ 3 ಬೈಟ್ ಬೇಕು. ಹಾಗಾದರೆ ಅಲ್ಲಿ 85 ಅಕ್ಷರ ಹಿಡಿದರೆ ಜಾಗ ಮುಗಿಯಿತು!

ಇದನ್ನು ತರಿಸಿಕೊಂಡವರಿಗೆ ಎದುರಾದ ಪ್ರಶ್ನೆ ಒಂದೇ: "ಇದರಿಂದ ಏನು ಮಾಡೋದು?" ಹೇಳಿಕೊಡಲು ಮೇಷ್ಟ್ರಿಲ್ಲ, ಪುಸ್ತಕವಿಲ್ಲ. ಆಗ ಫ್ರೆಡ್ ಮೂರ್ ಮತ್ತು ಗಾರ್ಡನ್ ಫ್ರೆಂಚ್ ಎಂಬಿಬ್ಬರು ಆಸಕ್ತರನ್ನೆಲ್ಲ ಕರೆದರು. 1975ರ ಮಾರ್ಚ್ 5ರ ರಾತ್ರಿ, ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್ ಎಂಬಲ್ಲಿ, ಫ್ರೆಂಚ್ ಅವರ ಮನೆಯ ಗ್ಯಾರೇಜಿನಲ್ಲಿ 32 ಜನ ಸೇರಿದರು. ಮುಂದೆ ಈ ಕೂಟಕ್ಕೆ 'ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್' ಎಂಬ ಹೆಸರಾಯಿತು. ಹೋಮ್‌ಬ್ರೂ ಅಂದ್ರೆ ಮನೆಯಲ್ಲೇ ತಯಾರಿಸಿದ್ದು.

ಕೂಟ ನಡೆಸುವ ರೀತಿ ಸರಳವಾಗಿತ್ತು. ಲೀ ಫೆಲ್ಸನ್‌ಸ್ಟೈನ್ ಎಂಬ ಎಂಜಿನಿಯರ್ ಅದನ್ನು ಎರಡು ಭಾಗ ಮಾಡಿದರು. ಮೊದಲ ಭಾಗದಲ್ಲಿ ಒಬ್ಬೊಬ್ಬರೇ ಎದ್ದು ನಿಂತು ತನ್ನ ಹತ್ತಿರ ಏನಿದೆ, ಏನು ಬೇಕು, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಚುಟುಕಾಗಿ ಹೇಳಬೇಕು. ಎರಡನೇ ಭಾಗದಲ್ಲಿ ಎಲ್ಲರೂ ಎದ್ದು, ತಮಗೆ ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತಾಡಬೇಕು. ಚಿಪ್ ಇದ್ದವನಿಗೆ ಸರ್ಕ್ಯೂಟ್ ಗೊತ್ತಿರಲಿಲ್ಲ, ಸರ್ಕ್ಯೂಟ್ ಗೊತ್ತಿದ್ದವನ ಬಳಿ ಚಿಪ್ ಇರಲಿಲ್ಲ. ಇಬ್ಬರೂ ಸಿಕ್ಕರೆ ಕೆಲಸ ಸಲೀಸು.

ಇಂಥ ಕೂಟದಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಸ್ಟೀವ್ ಡಾಂಪಿಯರ್ ಎಂಬ ಸದಸ್ಯ ತನ್ನ ಆಲ್ಟೇರಿನಲ್ಲಿ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ ಪ್ರೋಗ್ರಾಂ ಓಡಿಸುತ್ತಿದ್ದ. ಪಕ್ಕದಲ್ಲಿದ್ದ ರೇಡಿಯೊ ಗೊರಗೊರ ಎನ್ನತೊಡಗಿತು. ಯಾಕೆ? ತಂತಿಯಲ್ಲಿ ಹರಿಯುವ ವಿದ್ಯುತ್ ವೇಗವಾಗಿ ಏರಿಳಿದರೆ ಅದರಿಂದ ರೇಡಿಯೊ ಅಲೆಗಳು ಹೊರಡುತ್ತವೆ. ಕಂಪ್ಯೂಟರಿನೊಳಗೆ ಲಕ್ಷಾಂತರ ಸಲ ನಡೆಯುವುದು ಇದೇ ಏರಿಳಿತ. ಬೇರೆಯವರಾಗಿದ್ದರೆ ರೇಡಿಯೊವನ್ನು ದೂರ ಇಡುತ್ತಿದ್ದರು. ಡಾಂಪಿಯರ್ ಮಾತ್ರ ಬೇರೆ ಬೇರೆ ಪ್ರೋಗ್ರಾಂಗೆ ಬೇರೆ ಬೇರೆ ಸದ್ದು ಬರುವುದನ್ನು ಗಮನಿಸಿದ.

ಇದರ ಲೆಕ್ಕ ಸುಲಭ. ಆಲ್ಟೇರಿನ ಗಡಿಯಾರ ಸೆಕೆಂಡಿಗೆ 20 ಲಕ್ಷ ಸಲ ಬಡಿಯುತ್ತದೆ. ಪ್ರೋಗ್ರಾಂ ಮತ್ತೆ ಮತ್ತೆ ಒಂದೇ ಸುತ್ತು ಸುತ್ತುತ್ತಿದೆ, ಒಂದು ಸುತ್ತಿಗೆ 8,000 ಬಡಿತ ಬೇಕು ಎಂದಿಟ್ಟುಕೊಳ್ಳಿ. ಆಗ ಸೆಕೆಂಡಿಗೆ 250 ಸುತ್ತು. ರೇಡಿಯೊದಲ್ಲಿ 250 ಹರ್ಟ್ಸ್‌ನ ಸ್ವರ ಕೇಳುತ್ತದೆ. ಅದನ್ನು 'ಸ' ಎನ್ನೋಣ. ಸುತ್ತನ್ನು ಅರ್ಧಕ್ಕೆ, 4,000 ಬಡಿತಕ್ಕೆ ಇಳಿಸಿದರೆ 500 ಹರ್ಟ್ಸ್, ಅಂದ್ರೆ ಮೇಲಿನ ಸ್ಥಾಯಿಯ 'ಸ'. ಹೀಗೆ ಸುತ್ತಿನ ಉದ್ದ ಬದಲಿಸುತ್ತಾ ಹೋದರೆ ಹಾಡೇ ಬರುತ್ತದೆ! ಏಪ್ರಿಲ್‌ನ ಕೂಟಕ್ಕೆ ಡಾಂಪಿಯರ್ ಪೆಟ್ಟಿಗೆ ಹೊತ್ತು ತಂದು, ಸ್ವಿಚ್ ಒಂದೊಂದಾಗಿ ಒತ್ತಿ ಪ್ರೋಗ್ರಾಂ ತುಂಬಿ, ಮೇಲೊಂದು ಪುಟ್ಟ ರೇಡಿಯೊ ಇಟ್ಟ. ಅದರಿಂದ ಬೀಟಲ್ಸ್ ತಂಡದ ಹಾಡೊಂದರ ರಾಗ ಬಂತು. ಸೇರಿದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಇದರಿಂದ ಏನು ಮಾಡೋದು" ಎಂಬ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತ್ತು.

ಮೊದಲ ದಿನ ಗ್ಯಾರೇಜಿಗೆ ಬಂದವರಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ನಾಚಿಕೆ ಸ್ವಭಾವದ ಯುವಕನೂ ಇದ್ದ. ಅಲ್ಲಿ ಕೈಗೆ ಸಿಕ್ಕ ಮೈಕ್ರೊಪ್ರೊಸೆಸರಿನ ವಿವರಪತ್ರ ಓದಿ, ತಾನೇ ಒಂದು ಕಂಪ್ಯೂಟರ್ ಮಾಡಬಹುದಲ್ಲ ಎಂದು ಅವನಿಗೆ ಹೊಳೆಯಿತು. ಮಾಡಿಯೂ ಮಾಡಿದ. ಅದರ ಸರ್ಕ್ಯೂಟ್ ನಕ್ಷೆಯನ್ನು ಕೂಟದಲ್ಲಿ ಎಲ್ಲರಿಗೂ ಪುಕ್ಕಟೆ ಹಂಚಿದ. 1976ರಲ್ಲಿ ಅದೇ 'ಆಪಲ್ 1' ಆಯಿತು.

ಕೂಟದಲ್ಲಿ ಜಗಳವೂ ಬಂತು. ಬಿಲ್ ಗೇಟ್ಸ್ ಮತ್ತು ಗೆಳೆಯರು ಆಲ್ಟೇರಿಗಾಗಿ 'ಬೇಸಿಕ್' ಎಂಬ ಪ್ರೋಗ್ರಾಂ ಬರೆದು ಮಾರಾಟಕ್ಕೆ ಕೊಟ್ಟಿದ್ದರು. ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಅದು ಸಿಗುತ್ತಿತ್ತು. ಆ ಪಟ್ಟಿಯೊಂದು ಕ್ಲಬ್ಬಿನವರ ಕೈಗೆ ಸಿಕ್ಕಿ, ಹತ್ತಾರು ಪ್ರತಿಗಳಾಗಿ ಹಂಚಿಹೋಯಿತು. 1976ರ ಫೆಬ್ರವರಿಯಲ್ಲಿ, ಆಗ 20 ವರ್ಷದವರಾಗಿದ್ದ ಗೇಟ್ಸ್ ಬಹಿರಂಗ ಪತ್ರ ಬರೆದರು. ಇದಕ್ಕಾಗಿ ನಾವು ಬಳಸಿದ ಕಂಪ್ಯೂಟರ್ ಸಮಯದ ಬೆಲೆಯೇ 40,000 ಡಾಲರ್ ದಾಟುತ್ತದೆ, ದುಡ್ಡು ಕೊಡದೆ ನಕಲು ಮಾಡುವುದು ಕಳ್ಳತನ ಎಂಬುದು ಅದರ ಸಾರಾಂಶ. ಕ್ಲಬ್ಬಿನ ಅನೇಕರಿಗೆ ಸಿಟ್ಟು ಬಂತು. ಅವರ ಪ್ರಕಾರ ಹಂಚಿಕೊಂಡಿದ್ದರಿಂದಲೇ ಎಲ್ಲರೂ ಕಲಿತದ್ದು.

ಯಾರು ಸರಿ? ಯೋಚಿಸಿ. ದುಡಿದವನ ದುಡಿಮೆಗೆ ಬೆಲೆ ಬೇಕು ಅನ್ನೋದು ನಿಜ. ಹಂಚದಿದ್ದರೆ ವಿದ್ಯೆ ಬೆಳೆಯದು ಅನ್ನೋದೂ ನಿಜ. ಮುಂದೆ ಕೆಲವರು ಮೂರನೇ ದಾರಿ ಹುಡುಕಿದರು: ಬರೆದವರೇ "ಇದನ್ನು ನಕಲು ಮಾಡಿ, ತಿದ್ದಿ, ಹಂಚಿ" ಎಂದು ಲಿಖಿತ ಅನುಮತಿ ಕೊಡುವುದು. ಇದೇ ಸ್ವತಂತ್ರ ತಂತ್ರಾಂಶ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ ಗ್ನೂ, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಇಂಥವು. ಕೇರಳದ ಶಾಲಾ ಕಂಪ್ಯೂಟರುಗಳು ಓಡುವುದು ಇವುಗಳ ಮೇಲೆಯೇ. ಕಾಸರಗೋಡಿನ ಓದುಗರಿಗೆ ಇದು ಗೊತ್ತಿರಬೇಕು. ಅಲ್ಲಿನ ಪ್ರೌಢಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ 'ಲಿಟಲ್ ಕೈಟ್ಸ್' ಕೂಟಗಳೂ ಇದೇ ಜಾತಿಯವು.

ನಿಮ್ಮ ಶಾಲೆಯಲ್ಲಿ ಅಂಥದ್ದಿಲ್ಲವೇ? ಐದು ಜನ, ಒಂದು ಕಂಪ್ಯೂಟರ್, ವಾರಕ್ಕೊಂದು ಗಂಟೆ ಸಾಕು. ಮೊದಲ ಕಾಲು ಗಂಟೆ ಪ್ರತಿಯೊಬ್ಬರೂ ತಾನು ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ ಅಂತ ಕನ್ನಡದಲ್ಲೇ ಹೇಳಲಿ. ಎಷ್ಟೋ ಸಲ ಇನ್ನೊಬ್ಬರಿಗೆ ಬಿಡಿಸಿ ಹೇಳುವಾಗಲೇ ನಮ್ಮ ತಪ್ಪು ನಮಗೇ ಕಾಣುತ್ತದೆ. ಉಳಿದ ಹೊತ್ತಿನಲ್ಲಿ ಕೀಲಿಮಣೆ ಸರದಿಯಂತೆ ಎಲ್ಲರ ಕೈಗೂ ಬರಲಿ. ಗೊತ್ತಿಲ್ಲ ಎಂದವರನ್ನು ನಗಬಾರದು, ಇದೊಂದೇ ನಿಯಮ. ಗ್ಯಾರೇಜಿಗೆ ಬಂದವರಲ್ಲೂ ಎಲ್ಲ ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಮೊದಲ ಕೂಟಕ್ಕೆ ಒಂದು ಲೆಕ್ಕ: 'ಪ' ಸ್ವರದ ಆವರ್ತನ 'ಸ'ದ ಒಂದೂವರೆ ಪಟ್ಟು. ಆಲ್ಟೇರಿನಲ್ಲಿ 'ಸ'ಕ್ಕೆ 8,000 ಬಡಿತವಾದರೆ 'ಪ'ಕ್ಕೆ ಎಷ್ಟು? ಐವರೂ ಕೂಡಿ ಬಿಡಿಸಿ ನೋಡಿ.