ಮೆಂಡರಿಗೆ ಸಿಗದ ಪೆನ್ಸಿಲ್

ಜ್ಯೂರಿಕ್‌ನ ವಿದ್ವಾಂಸ ಕಾನ್ರಾಡ್ ಗೆಸ್ನರ್ 1565ರಲ್ಲಿ ಕಲ್ಲು, ಖನಿಜ, ಪಳೆಯುಳಿಕೆಗಳ ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಒಂದು ಪುಟ್ಟ ಚಿತ್ರವಿದೆ. ಮರದ ಕೊಳವೆ, ತಲೆಗೊಂದು ಗುಬುಟು, ತುದಿಯಲ್ಲಿ ಚೂಪು ಮಾಡಿದ ಕಪ್ಪು ಖನಿಜದ ತುಂಡು. ಪೆನ್ಸಿಲ್ಲಿನ ಮೊತ್ತಮೊದಲ ಚಿತ್ರವೆಂದು ಹೆಸರಾದದ್ದು ಇದೇ. ಆದರೆ ಇದು ಕಡ್ಡಿಯನ್ನು ಒಳಗಿಟ್ಟು ಅಂಟಿಸಿದ ಮರದ ಪೆನ್ಸಿಲ್ಲಲ್ಲ, ಕಡ್ಡಿಯನ್ನು ಕಚ್ಚಿ ಹಿಡಿಯುವ ಹಿಡಿಕೆ. ಇವತ್ತು ಡ್ರಾಯಿಂಗ್ ಸಾಮಾನಿನ ಅಂಗಡಿಯಲ್ಲಿ ‘ಕ್ಲಚ್ ಪೆನ್ಸಿಲ್’ ಎಂದು ಕೇಳಿದರೆ ಕೊಡುವ ಲೆಡ್ ಹೋಲ್ಡರಿಗೆ ಮುತ್ತಜ್ಜ!

ಹೊಸ ಕಾಲದ ಕ್ಲಚ್ ಪೆನ್ಸಿಲ್ಲಿನ ದೊಡ್ಡ ಹೆಸರೂ ಸ್ವಿಟ್ಜರ್ಲೆಂಡಿನದೇ. ಜಿನೀವಾದ ಎಂಜಿನಿಯರ್ ಕಾರ್ಲ್ ಷ್ಮಿಡ್ ರೂಪಿಸಿದ ‘ಫಿಕ್ಸ್‌ಪೆನ್ಸಿಲ್’ ಅನ್ನು ಕಾರಾನ್ ದಾಶ್ ಕಂಪನಿ 1929ರಿಂದ ತಯಾರಿಸುತ್ತಿದೆ. ಕಂಪನಿಯ ಹೆಸರು ಒಬ್ಬ ವ್ಯಂಗ್ಯಚಿತ್ರಕಾರನ ಅಂಕಿತನಾಮ. ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿದ ಎಮಾನ್ಯುಯೆಲ್ ಪ್ವಾರೆ, ಪೆನ್ಸಿಲ್ಲಿಗಿರುವ ರಷ್ಯನ್ ಪದ ‘ಕರಂದಾಶ್’ ಅನ್ನೇ ಫ್ರೆಂಚ್ ಧಾಟಿಯಲ್ಲಿ ತಿರುಚಿ ತನ್ನ ಹೆಸರಾಗಿಸಿಕೊಂಡಿದ್ದ.

ಒಳಗಿನ ಕೆಲಸ ಸರಳ. ತಲೆಯ ಗುಂಡಿ ಒತ್ತಿದರೆ ಮುಂದಿನ ಲೋಹದ ದವಡೆ ಬಾಯಿ ಬಿಡುತ್ತದೆ, ಬಿಟ್ಟರೆ ಕಡ್ಡಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಸಾಮಾನ್ಯ ಕಡ್ಡಿಯ ದಪ್ಪ 2 ಮಿಲಿಮೀಟರ್. ಶಾಲೆಯ ಮಕ್ಕಳ 0.5 ಮಿಲಿಮೀಟರ್ ಮೈಕ್ರೋ ಟಿಪ್‌ನಂತೆ ಇಲ್ಲಿ ಒಂದೊಂದು ಒತ್ತಿಗೆ ಅಷ್ಟಷ್ಟೇ ಲೆಡ್ ಬರುವುದಿಲ್ಲ. ದವಡೆ ತೆರೆದರೆ ಇಡೀ ಕಡ್ಡಿ ಜಾರಿ ನೆಲಕ್ಕೆ! ಬಳಸಿ ಪಳಗಿದವರ ಇನ್ನೊಂದು ಅಂಗೈ ತಾನಾಗಿಯೇ ತುದಿಯ ಕೆಳಗೆ ಬಂದಿರುತ್ತದೆ.

ಚೂಪು ಮಾಡುವುದೇ ಬೇರೆ ಸಂಭ್ರಮ. ಹಿಡಿಕೆ ಮೆಂಡರಿನೊಳಗೆ ಹೋಗುವುದಿಲ್ಲ. ಕಡ್ಡಿಯನ್ನು ಉದ್ದಕ್ಕೆ ಹೊರಗೆಳೆದು, ಲೆಡ್ ಪಾಯಿಂಟರ್ ಎಂಬ ಡಬ್ಬಿಯ ತೂತಿಗೆ ಇಳಿಸಿ, ಬೀಸುವ ಕಲ್ಲಿನ ಗೂಟ ತಿರುಗಿಸಿದಂತೆ ಹಿಡಿಕೆಯನ್ನೇ ಸುತ್ತು ಹೊಡೆಸಬೇಕು. ನಾಲ್ಕು ಸುತ್ತಿಗೆ ಸೂಜಿಯಂಥ ಮೊನೆ. ಒಳಗೆ ಬೀಳುವ ಕರಿ ಹುಡಿಯನ್ನು ಕೆಲವು ಕಲಾವಿದರು ಚೆಲ್ಲುವುದಿಲ್ಲ, ಸುತ್ತಿದ ಕಾಗದದ ತುದಿಗೆ ಅದ್ದಿ ನೆರಳು ತುಂಬಲು ಬಳಸುತ್ತಾರೆ. ಡಬ್ಬಿ ಬ್ಯಾಗಿನಲ್ಲಿ ಮಗುಚಿಕೊಂಡರೆ ಮಾತ್ರ ಆ ದಿನದ ಬಿಳಿ ಅಂಗಿಯ ಆಸೆ ಬಿಡುವುದು ಒಳ್ಳೆಯದು.

ಗೆರೆಯೇ ಮುಖ್ಯವಾದವರಿಗೆ ಇದು ಹೇಳಿ ಮಾಡಿಸಿದ್ದು. ಮರದ ಪೆನ್ಸಿಲ್ ಹೆರೆದಷ್ಟೂ ಗಿಡ್ಡವಾಗುತ್ತದೆ, ತೂಕ ಇಳಿಯುತ್ತದೆ, ಹಿಡಿತವನ್ನು ಮತ್ತೆ ಮತ್ತೆ ಹೊಂದಿಸಿಕೊಳ್ಳಬೇಕು. ಹೋಲ್ಡರ್ ಮೊದಲ ದಿನ ಕೈಯಲ್ಲಿ ಹೇಗಿತ್ತೋ ಹತ್ತನೇ ವರ್ಷವೂ ಹಾಗೆಯೇ ಇರುತ್ತದೆ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್ 1982ರಲ್ಲಿ ಬರುವವರೆಗೆ, ಬಂದ ಮೇಲೂ ಕೆಲಕಾಲ, ಡ್ರಾಫ್ಟ್ಸ್‌ಮನ್‌ಗಳು ಇದನ್ನು ಕೈಬಿಡಲಿಲ್ಲ. ಒಂದು ಹೋಲ್ಡರಿಗೆ 2ಎಚ್, ಇನ್ನೊಂದಕ್ಕೆ ಎಚ್‌ಬಿ ಹಾಕಿಟ್ಟುಕೊಂಡರೆ ಕೆಲಸ ಸಾಗುತ್ತಿತ್ತು.

ನೆರಳು, ಮೈದುಂಬಿದ ಕಪ್ಪು ಬೇಕಾದಾಗ ಆಟ ತಿರುಗುತ್ತದೆ. ಗ್ರಾಫೈಟ್ ಹುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಫ್ರಾನ್ಸಿನ ನಿಕೋಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದಿದ್ದ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ, ಕಪ್ಪು. ಮೆತ್ತನೆಯದು ಬೇಗ ಸವೆಯುತ್ತದೆ, ಬೇಗ ಮುರಿಯುತ್ತದೆ. ಅದಕ್ಕೇ 4ಬಿ, 6ಬಿ ಮರದ ಪೆನ್ಸಿಲ್ಲುಗಳಿಗೆ ಸಾಮಾನ್ಯವಾಗಿ ದಪ್ಪ ಕಡ್ಡಿ ತುಂಬುತ್ತಾರೆ, ಸುತ್ತಲಿನ ಮರ ಅದಕ್ಕೆ ಕಾವಲು. ಚಾಕುವಿನಿಂದ ಉದ್ದಕ್ಕೆ ಹೆರೆದು ಮಲಗಿಸಿ ಉಜ್ಜಿದರೆ ಒಂದೇ ಎಳೆತಕ್ಕೆ ಅಗಲವಾದ ಪಟ್ಟಿ ಮೂಡುತ್ತದೆ. 2 ಮಿಲಿಮೀಟರ್ ಕಡ್ಡಿಗೆ ಆ ಮೈಯಗಲ ಎಲ್ಲಿಂದ ಬರಬೇಕು? ಹಟ ಬಿಡದವರಿಗಾಗಿ ಚೆಕ್ ಗಣರಾಜ್ಯದ ಕೊಹಿನೂರ್ ಹಾರ್ಟ್‌ಮುತ್ ಕಂಪನಿ 5.6 ಮಿಲಿಮೀಟರಿನ ದಢೂತಿ ಕಡ್ಡಿ ಹಿಡಿಯುವ ಹೋಲ್ಡರನ್ನೂ ಮಾಡುತ್ತದೆ. ಹಳದಿ ಬಣ್ಣದ ಪೆನ್ಸಿಲ್ಲಿಗೆ ಗೋಲ್ಕೊಂಡದ ವಜ್ರದ ಹೆಸರಿಟ್ಟು 1889ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಒಯ್ದವರು ಇವರೇ. ವಜ್ರವೂ ಗ್ರಾಫೈಟೂ ಇಂಗಾಲವೇ ಆದ್ದರಿಂದ ಆ ಹೆಸರು ಬರೀ ಜಂಬವಲ್ಲ.

ಮರದ ಪೆನ್ಸಿಲ್ಲಿಗೆ ಒಂದು ಗುಪ್ತ ರೋಗವಿದೆ. ಮೇಜಿನಿಂದ ಬಿದ್ದರೆ ಹೊರಗೆ ಏನೂ ಆಗಿರುವುದಿಲ್ಲ, ಒಳಗೆ ಕಡ್ಡಿ ಚೂರಾಗಿರುತ್ತದೆ. ಆಮೇಲೆ ಮೆಂಡರಿಗೆ ಹಾಕಿದಷ್ಟು ಸಲವೂ ಮೊನೆ ಕಳಚಿ ಬೀಳುವ ಸಂಕಟ ಎರಡನೇ ತರಗತಿಯ ಯಾವ ಮಗುವಿಗೆ ಗೊತ್ತಿಲ್ಲ? ಹೋಲ್ಡರಿನಲ್ಲಿ ಮುರಿದ ತುಂಡನ್ನು ಉದುರಿಸಿ ಮತ್ತೆ ಎಳೆದುಕೊಂಡರೆ ಆಯಿತು. ಆದರೆ ಕಾಶ್ಮೀರದ ಪುಲ್ವಾಮಾದಿಂದ ಪಟ್ಟಿಗಳಾಗಿ ಬರುವ ಪಾಪ್ಲರ್ ಮರದ ಪೆನ್ಸಿಲ್ ಕೆಲವೇ ರೂಪಾಯಿಗೆ ಸಿಗುತ್ತದೆ, ಬಸ್ಸಿನಲ್ಲಿ ಮರೆತು ಇಳಿದರೂ ಮನಸ್ಸು ಕೆಡುವುದಿಲ್ಲ. ಮಾರುಕಟ್ಟೆಯಲ್ಲಿ ಕೂತು ಜನರ ಸ್ಕೆಚ್ ಮಾಡುವವರ ಜೇಬಿಗೆ ಅದೇ ವಾಸಿ.

ಅದೂ ಸವೆದು ಬೆರಳಿಗೆ ಸಿಗದಷ್ಟು ಮೋಟಾದಾಗ ಜಿಪುಣ ಕಲಾವಿದರು ಎಸೆಯುವುದಿಲ್ಲ. ಬಿಗಿ ಬಳೆಯಿರುವ ಉದ್ದನೆಯ ಹಿಡಿಕೆಯೊಂದಕ್ಕೆ ಆ ಮೋಟು ಪೆನ್ಸಿಲ್ಲನ್ನು ಸಿಕ್ಕಿಸುತ್ತಾರೆ. ದೂರದಿಂದ ನೋಡಿದರೆ, ಗೆಸ್ನರ್ ಪುಸ್ತಕದ ಚಿತ್ರದಂತೆಯೇ ಕಾಣುತ್ತದೆ.