ಬೊಕ್ಕಸವೂ ಮನಸ್ಸಾಕ್ಷಿಯೂ

ಕಾನೂನು ನಿಷೇಧಿಸದಿರುವ ಕಾರ್ಯಗಳಿಗೆಲ್ಲ ಸರ್ಕಾರವು ಹಣ ಕೊಡಲೇಬೇಕೆಂಬ ನಿಯಮವಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮಾನವಭ್ರೂಣದ ಆಕರಕೋಶಗಳ ಸಂಶೋಧನೆಯನ್ನು ಕುರಿತು ಎದ್ದ ವಿವಾದದ ತಿರುಳು ಇದೇ.

1998ನೆಯ ಇಸವಿಯಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಥಾಮ್ಸನ್‌ರವರು ಈ ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ದೇಹದ ಯಾವ ಅಂಗದ ಕೋಶವಾಗಿಯಾದರೂ ಮಾರ್ಪಡುವ ಶಕ್ತಿ ಇವಕ್ಕುಂಟು. ಬೆನ್ನುಹುರಿ ಮುರಿದು ಮಲಗಿದವರೂ ಕಂಪವಾತದಿಂದ ನರಳುವವರೂ ಇವುಗಳಲ್ಲಿ ಆಸೆಯಿಟ್ಟಿರುವುದು ಸಹಜವೇ. ಆದರೆ ಇವನ್ನು ಪಡೆಯಲು ಸುಮಾರು ಐದು ದಿನಗಳ ಭ್ರೂಣವೊಂದು ನಾಶವಾಗಬೇಕು. ಸಂತಾನಾಪೇಕ್ಷಿಗಳಾದ ದಂಪತಿಗಳಿಗಾಗಿ ಪ್ರಯೋಗಶಾಲೆಯಲ್ಲಿ ರೂಪಿಸಿ ಮಿಕ್ಕ ಭ್ರೂಣಗಳೇ ಹೆಚ್ಚಾಗಿ ಇದಕ್ಕೆ ಒದಗುವುವು. ಹೇಗೂ ಎಸೆಯುವುದನ್ನು ರೋಗಿಯ ಹಿತಕ್ಕೆ ಬಳಸಿದರೆ ತಪ್ಪೇನೆಂದು ಒಂದು ಪಕ್ಷದವರು ಕೇಳುವರು. ಹೇಗೂ ಸಾಯುವವನೆಂದು ಒಬ್ಬನನ್ನು ಕೊಲ್ಲಬಹುದೇ ಎಂದು ಎದುರುಪಕ್ಷದವರು ಮರುಪ್ರಶ್ನೆ ಹಾಕುವರು.

ಭ್ರೂಣನಾಶಕ್ಕೆ ಒಕ್ಕೂಟ ಸರ್ಕಾರದ ಹಣ ಸಲ್ಲದೆಂದು ಆ ದೇಶವು 1996ರಲ್ಲಿಯೇ ಶಾಸನ ಮಾಡಿತು. 2001ರ ಆಗಸ್ಟ್ 9ರಂದು ಅಧ್ಯಕ್ಷ ಬುಷ್‌ರವರು, ಅದುವರೆಗೆ ಸಿದ್ಧವಾಗಿದ್ದ ಕೋಶಗಳಿಗೆ ಮಾತ್ರ ಧನಸಹಾಯವೆಂದು ಗೆರೆಯೆಳೆದರು. 2009ರ ಮಾರ್ಚಿಯಲ್ಲಿ ಅಧ್ಯಕ್ಷ ಒಬಾಮಾರವರು ಅದನ್ನು ಅಳಿಸಿದರು. ನಾಶವು ಖಾಸಗಿ ಹಣದಿಂದ, ನಾಶದ ಫಲದ ಮೇಲಿನ ಸಂಶೋಧನೆಯು ಬೊಕ್ಕಸದಿಂದ ಎಂಬ ವಿಭಾಗವನ್ನು 2012ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು. ಇದು ಕಾನೂನಿಗೆ ಸರಿಯಾಗಿರಬಹುದು. ಕೊಂದ ಪಾಪ ತಿಂದು ಪರಿಹಾರವೆಂಬ ಗಾದೆಯನ್ನು ಮಾತ್ರ ಇದು ನೆನಪಿಗೆ ತರುತ್ತದೆ.

ಪ್ರಜೆಯೊಬ್ಬನು ಒಲ್ಲದ ವೆಚ್ಚಗಳನ್ನೆಲ್ಲ ಕೈಬಿಟ್ಟರೆ ರಾಜ್ಯಭಾರವೇ ನಡೆಯಲಾರದೆಂಬ ಆಕ್ಷೇಪಣೆಯುಂಟು. ಅದು ಸಾಧುವಾದುದೇ. ಸರ್ಕಾರವು ಹಿಂದೆಗೆದರೆ ಮೇಲ್ವಿಚಾರಣೆಯು ಸಡಿಲವಾದೀತೆಂಬ ಭಯವೂ ಅಲ್ಲಗಳೆಯತಕ್ಕದ್ದಲ್ಲ. ಆದರೂ ತೆರಿಗೆಯು ಇಚ್ಛೆಯಿಂದ ಕೊಡುವ ಕಾಣಿಕೆಯಲ್ಲ. ದಂಡದ ಭಯದಿಂದ ತೆರುವುದು. ಜೀವಹತ್ಯೆಯೆಂದು ಲಕ್ಷಾಂತರ ಪ್ರಜೆಗಳು ನಂಬಿರುವ ಕಾರ್ಯಕ್ಕೆ ಅವರಿಂದಲೇ ಹಣ ವಸೂಲು ಮಾಡುವ ಮುನ್ನ, ಬೇರೆ ದಾರಿಯುಂಟೇ ಎಂದು ನೋಡುವುದು ಸರ್ಕಾರದ ಕರ್ತವ್ಯವು.

ದಾರಿಯುಂಟು. ಜಪಾನಿನ ಶಿನ್ಯಾ ಯಮನಾಕಾರವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮಕೋಶಗಳನ್ನೇ ಅಂತಹ ಆಕರಕೋಶಗಳನ್ನಾಗಿ ಮಾರ್ಪಡಿಸಿ, 2012ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಇದು ಭ್ರೂಣಕೋಶಗಳಿಗೆ ಎಲ್ಲ ವಿಷಯದಲ್ಲಿಯೂ ಸಾಟಿಯಲ್ಲವೆಂದು ಹೇಳುವ ವಿಜ್ಞಾನಿಗಳಿದ್ದಾರೆ. ಹಾಗಿದ್ದರೂ ಸಾರ್ವಜನಿಕ ಧನವು ಮೊದಲು ಹರಿಯಬೇಕಾದುದು ಈ ನಿರ್ವಿವಾದವಾದ ಕಾಲುವೆಯಲ್ಲಿ ಎಂಬುದೇ ನಮ್ಮ ಮತ. ಅದು ಸಾಲದೆಂದು ತೋರಿಬಂದರೆ, ಸರ್ಕಾರವು ಲೆಕ್ಕದ ಪುಸ್ತಕದ ಮರೆಯಲ್ಲಿ ನಿಲ್ಲದೆ, ತಾನು ಏತಕ್ಕೆ ಹಣ ಕೊಡುತ್ತಿರುವೆನೆಂಬುದನ್ನು ಪ್ರಜೆಗಳ ಮುಂದೆ ಬಾಯಿಬಿಟ್ಟು ಹೇಳಲಿ.