ಮನೋರೋಗದ ಮಾತ್ರೆ: ಸೊಂಟದ ಅಳತೆಯೂ ಇರಲಿ

ಸ್ಕಿಜೋಫ್ರೇನಿಯಾಕ್ಕೆ ವರ್ಷಾನುಗಟ್ಟಲೆ ಮಾತ್ರೆ ಸೇವಿಸುವವರು ದಪ್ಪಗಾದರೆ 'ಕೂತು ತಿಂದದ್ದು' ಎಂದು ಮನೆಯವರೇ ಹಂಗಿಸುವುದುಂಟು. ಅದು ಸೋಮಾರಿತನವಲ್ಲ. ಓಲಾಂಜಪಿನ್, ಕ್ಲೋಜಪಿನ್ ಮಾತ್ರೆಗಳು ಹಸಿವು ಹೆಚ್ಚಿಸುತ್ತವೆ. ರಕ್ತದಲ್ಲಿ ಸಕ್ಕರೆ, ಕೊಬ್ಬು ಏರಬಹುದು. ಹೊಟ್ಟೆಯಲ್ಲಿ ಶೇಖರವಾದ ಕೊಬ್ಬು ದೇಹದೊಳಗೆ ಉರಿಯೂತ ಹೆಚ್ಚಿಸಿ ಹೃದಯಕ್ಕೂ ಅಪಾಯ ತರುತ್ತದೆ.

ಮಾತ್ರೆ ಆರಂಭಿಸುವಾಗಲೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ನೋಡಬೇಕೆಂದು ಅಮೆರಿಕದ ಮಧುಮೇಹ ಹಾಗೂ ಮನೋವೈದ್ಯರ ಸಂಘಗಳು 2004ರಲ್ಲೇ ತಿಳಿಸಿವೆ. 4, 8, 12ನೇ ವಾರಗಳಲ್ಲಿ ಮತ್ತೆ ತೂಕ. 12ನೇ ವಾರ ರಕ್ತಪರೀಕ್ಷೆ. ಪಾಸ್‌ಬುಕ್ಕಿನಂತೆ ಈ ಅಂಕಿಗಳನ್ನು ಬರೆದಿಡಿ. ಏರಿದರೆ ವೈದ್ಯರು ಮಾತ್ರೆ ಬದಲಿಸಬಹುದು, ಮೆಟ್‌ಫಾರ್ಮಿನ್ ಕೊಡಬಹುದು. ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸೀತು.

ಸಂಘಗಳ ಆರೋಗ್ಯ ತಪಾಸಣಾ ಶಿಬಿರಗಳಿಗೆ ಇವರನ್ನೂ ಸಂಕೋಚವಿಲ್ಲದೆ ಕರೆತನ್ನಿ.